ಕಾಣದ ಹಿತ್ತಿಲಿಗೆ ಹಾಕಿದ ರುಜು

ಸಣ್ಣಯ್ಯ ಜೈಲಿನಲ್ಲಿ ತೀರಿಕೊಂಡ ಸುದ್ದಿ ಬಂದದ್ದು ಸೋಮವಾರ ಬೆಳಿಗ್ಗೆ. ನಾನು ವಿಭೂತಿ ಧರಿಸಿ ಪೂಜೆಗೆ ಕೂತಿದ್ದೆ. ಅವನ ಹೆಂಡತಿ ಮುದ್ದಮ್ಮ ಬರಿಗಾಲಲ್ಲಿ ಬಂದು ಅಂಗಳದಲ್ಲಿ ನಿಂತಳು.

"ಓಗ್ಬುಟ್ಟ ಕಣಯ್ಯ. ಎದೆನೋವಂತೆ. ಫೋನ್ ಮಾಡಿದ್ರು."

ಮೂವತ್ತು ವರ್ಷ ನಮ್ಮ ತೆಂಗಿನ ತೋಟಕ್ಕೆ ನೀರು ಕಟ್ಟಿದವನು ಸಣ್ಣಯ್ಯ. ಅವನ ಮಗ ಮೋಹನ್‌ಕುಮಾರ ಕೂಲಿ ಹೆಚ್ಚಿಸಿ ಎಂದು ಎದುರು ನಿಂತು ಕೇಳಿದ. ಅದಾದ ವಾರಕ್ಕೆ ತೋಟದ ಮೋಟಾರು ಕಳುವಾಯಿತು. ನನ್ನ ತಮ್ಮ ಸಿದ್ದೇಶ್ವರ ಅಪ್ಪ ಮಗ ಇಬ್ಬರ ಮೇಲೂ ದೂರು ಕೊಟ್ಟ. ಮೋಟಾರು ಅವರ ಹಿತ್ತಿಲಲ್ಲಿ ಸಿಕ್ಕಿತೆಂದು ಪೊಲೀಸರು ಮಹಜರು ಬರೆದು ಇಬ್ಬರನ್ನೂ ಜೈಲಿಗೆ ಕಳಿಸಿದರು. ಮಹಜರಿಗೆ ಸಾಕ್ಷಿಯ ರುಜು ನನ್ನದು. ಹೆದ್ದಾರಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಹಾಕಿದ್ದೆ.

ಆಗ ಮುದ್ದಮ್ಮ ನನ್ನನ್ನೇ ಕೇಳಿಕೊಂಡು ಬಂದಿದ್ದಳು. "ಬಡವ್ರಿಗೆ ಕೋರ್ಟಲ್ಲೇ ಬಿಟ್ಟಿ ವಕೀಲ್ರನ್ನ ಕೊಡ್ತಾರಂತಲ್ಲಯ್ಯ, ಕೇಳ್ಲಾ?"

"ಬ್ಯಾಡ ಕಣಮ್ಮ. ವಕೀಲ್ರು ಬಂದ್ರೆ ಕೇಸು ಬೆಳೀತದೆ. ತಮ್ಮಂಗೆ ಹೇಳಿ ನಾನೇ ವಾಪಸ್ ತೆಗಿಸ್ತೀನಿ."

ವಕೀಲರು ಬಂದರೆ ನನ್ನನ್ನೂ ಕೇಳುತ್ತಾರೆಂಬ ಭಯ. ತಮ್ಮನಿಗೆ ನಾನು ಒಂದು ಮಾತೂ ಹೇಳಲಿಲ್ಲ.

"ಜಡ್ಜಮ್ಮ ಎರಡು ಕಿತ ಕೇಳಿದ್ರು, ವಕೀಲ್ರು ಬೇಕೇನಪ್ಪಾ ಅಂತ," ಅಂಗಳದಲ್ಲಿ ನಿಂತೇ ಮುದ್ದಮ್ಮ ಈಗ ಹೇಳಿದಳು. "ಬ್ಯಾಡ ತಾಯಿ, ನಮ್ಮ ಚಂದ್ರಯ್ಯೋರವ್ರೆ ಅಂದ ನಿಮ್ಮನ್ನ ನಂಬ್ಕಂಡು. ಮಗನ ಬಾಯ್ನೂ ಮುಚ್ಚುಸ್ದ."

ನಾನು ತಲೆ ತಗ್ಗಿಸಿದೆ.

"ಮಹಜರಲ್ಲಿ ನಿಮ್ಮ ರುಜು ಐತಂತಲ್ಲ. ನಮ್ಮ ಇತ್ಲು ಮನೆ ಯಾವ್ ಮಗ್ಲಿಗೈತೆ, ಯೋಳಿ ನೋಡಾನ?"

ಅವರ ಕೇರಿಗೆ ನಾನು ಎಂದೂ ಹೋದವನಲ್ಲ.

"ನಾನೀಗ ಚನ್ನರಾಯಪಟ್ಣದ ಕೋರ್ಟಿಗೆ ಓಯ್ತಿದೀನಿ. ಆ ಬಿಟ್ಟಿ ವಕೀಲ್ರನ್ನೇ ಕೇಳ್ತೀನಿ. ಅಪ್ಪಂಗೆ ಮಣ್ಣಾಕಕ್ಕೆ ಮಗ ಬರ್ಬೇಕು. ನಿಮ್ಮನ್ನೇನೂ ಬಾ ಅನ್ನಕಿಲ್ಲ."

ಅವಳ ಹಿಂದೆಯೇ ಹೋಗಿ ಬಸ್ಸು ಹತ್ತಿದೆ. ಯಾರೋ ಹೇಳಿರಬೇಕು, ತಮ್ಮ ಫೋನ್ ಮಾಡಿದ. "ಅಣ್ಣಾ, ಮನೆ ಮಾನ ಕಳೀತೀಯಾ?"

"ಅದು ಹೋಟೆಲ್ನಲ್ಲೇ ಹೋಯ್ತು ಕಣೋ," ಎಂದೆ.

ಕೋರ್ಟಿನ ಕಾನೂನು ಸೇವಾ ಸಮಿತಿಯವರು ಸೌಜನ್ಯ ಎಂಬ ವಕೀಲರನ್ನು ಕೊಟ್ಟರು. ಒಂದು ಅರ್ಜಿ, ಒಂದು ಹೆಬ್ಬೆಟ್ಟು. ಒಂದು ರೂಪಾಯಿಯೂ ಕೇಳಲಿಲ್ಲ. ಇಷ್ಟನ್ನು ನಾನು ಸಣ್ಣಯ್ಯನಿಗೆ ತಪ್ಪಿಸಿದ್ದೆ.

"ಅಜ್ಜಾ, ನೀವು ಇವರಿಗೆ ಏನಾಗ್ಬೇಕು?" ಎಂದರು ಸೌಜನ್ಯ.

"ಏನೂ ಆಗ್ಬೇಕಿಲ್ಲಮ್ಮ. ನಾನು ಸುಳ್ಳು ಸಾಕ್ಷಿ. ಬರಕೊಳ್ಳಿ."

ಅವರು ಬರೆದುಕೊಂಡರು. ಈ ಸಲ ಓದಿಸಿ ಕೇಳಿ ರುಜು ಹಾಕಿದೆ.

ಮಾರನೆಯ ದಿನ ಮರಣೋತ್ತರ ಪರೀಕ್ಷೆ ಮುಗಿದು ಹೆಣ ಊರಿಗೆ ಬಂತು. ಮೋಹನ್‌ಕುಮಾರ ಸೌಜನ್ಯ ಕೊಡಿಸಿದ ಜಾಮೀನಿನ ಮೇಲೆ ಬಂದು ಅಪ್ಪನಿಗೆ ಮಣ್ಣು ಹಾಕಿದ. ನನ್ನ ಕಡೆ ಯಾರೂ ನೋಡಲಿಲ್ಲ. ಅದು ಸರಿಯೇ. ಎಲ್ಲರೂ ಹೋದ ಮೇಲೆ ಹತ್ತಿರ ಹೋಗಿ ನಾನೂ ಒಂದು ಹಿಡಿ ಮಣ್ಣು ಹಾಕಿ ಕೈಮುಗಿದೆ.

ಶಿವನೇ, ಸಣ್ಣಯ್ಯನ ಜೀವ ನಿನ್ನಲ್ಲಿ ತಣ್ಣಗಿರಲಿ. ನನಗಾಗಿ ಕೇಳಲು ಬಾಯಿಲ್ಲ.