ಆಕಾಶದಲ್ಲಿ ಒಂದು ಗಂಟೆ

ಬಿಸಿಲು ಅಂಗಳದಿಂದ ಆಗಲೇ ಹಿಂದೆ ಸರಿಯಿತು, ಊದುಬತ್ತಿಯ ಹೊಗೆಗೆ ಕಣ್ಣು ಉರಿಯುತ್ತಿದೆ, ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದಾರೆ, ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿ, ಹಲ್ಲುನೋವು ಬಂದವನ ಹಾಗೆ — ಬೈರಮ್ಮ ಮತ್ತೆ ಲೆಕ್ಕ ಹಾಕಿದಳು, ವಿಮಾನ ಮಂಗಳೂರಿನ ಬಜ್ಪೆ ಬಿಡುವುದು ಎರಡೂವರೆಗೆ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಇಳಿಯುವುದು ಮೂರೂವರೆಗೆ, ಅಲ್ಲಿಂದ ಹೊಸಕೆರೆಹಳ್ಳಿಗೆ ಟ್ಯಾಕ್ಸಿಯಲ್ಲಿ ಇನ್ನೊಂದು ಗಂಟೆ, ಅಲ್ಲಿಗೆ ನಾಲ್ಕೂವರೆ, ಈಗ ಐದೂ ಹತ್ತು, ಅಣ್ಣ ಬಂದಿಲ್ಲ. ಮಂಗಳೂರು ಎಂದರೆ ಘಾಟಿ ಇಳಿದು ಹೋಗುವ ಊರು, ಮುನ್ನೂರೈವತ್ತು ಕಿಲೋಮೀಟರು, ರಾತ್ರಿಯಿಡೀ ಬಸ್ಸು, ಒಂದು ಗಂಟೇಲಿ ಬರೋಕೆ ನಿಮ್ಮಣ್ಣ ಏನು ಹದ್ದೇನವ್ವಾ ಎಂದು ಚಿಕ್ಕಪ್ಪ ಯಲ್ಲಯ್ಯ ಮಧ್ಯಾಹ್ನವೇ ಕೇಳಿದ್ದ, ಗುಂಡಿ ತೋಡಿ ಆಗಿದೆ, ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಬೇಕು, ಬಂದವರೆಲ್ಲ ಅವಳನ್ನೇ ನೋಡುತ್ತಿದ್ದಾರೆ, ಮೋಡ ಅಡ್ಡ ಬಂದಿರಬಹುದು, ಸೀಟು ಸಿಕ್ಕಿಲ್ಲದಿರಬಹುದು, ಇಲ್ಲ, ಅವನು ಹೊರಟೇ ಇಲ್ಲವೇನೋ — ಬರದಿದ್ದರೇ ಒಳ್ಳೆಯದು, ಛೆ, ಎಂಥ ಮಾತು, ಆದರೂ ಬಂದರೆ ಕೇಳುತ್ತಾನಲ್ಲ.

ಬೆಳಿಗ್ಗೆ ಅಂಚೆ ಕಚೇರಿಯ ಬೆಂಚಿನ ಮೇಲೆ ಎರಡು ಗಂಟೆ ಕಾದು ಟ್ರಂಕ್ ಕಾಲ್ ಸಿಕ್ಕಿತು, ಅಣ್ಣ ಕೆಲಸಕ್ಕಿರುವ ಬಂದರಿನ ಆಫೀಸಿನವರು ಅವನನ್ನು ಕರೆದುಕೊಟ್ಟಾಗ ಮೊದಲು ಕೇಳಿಸಿದ್ದು ಅಣ್ಣನ ಉಸಿರು, ಆರು ವರ್ಷದ ಮೇಲೆ ಬೈಲಪ್ಪನ ಉಸಿರು, ಅವನು ಮೀನುಗಾರರ ಮನೆಯ ಹುಡುಗಿಯನ್ನು ಮದುವೆಯಾದ ಸುದ್ದಿ ತಂದ ದಿನ ಅಪ್ಪ ಅವನ ಪೆಟ್ಟಿಗೆಯನ್ನು ಬೀದಿಗೆ ಎಸೆದಿದ್ದ, ಈ ಮನೇಲಿ ಅವನ ಹೆಸರು ಎತ್ತಿದ್ರೆ ನನ್ನ ಹೆಣ ನೋಡ್ತೀರ ಎಂದಿದ್ದ, ಯಾರೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಅಪ್ಪ ಹೋದ ಅಣ್ಣ ಎಂದಳು, ಲೈನಿನಲ್ಲಿ ಗೊರಗೊರ ಸದ್ದು, ಆಮೇಲೆ ಒಂದೇ ಪ್ರಶ್ನೆ, ಅಪ್ಪ ನನ್ನ ಕೇಳಿದ್ನಾ? ಕಾಲ್‌ನ ಮೂರು ನಿಮಿಷ ಮುಗಿಯುತ್ತ ಬಂದಿತ್ತು, ಇಲ್ಲ ಎಂದರೆ ಅವನು ಬರುವುದಿಲ್ಲ, ಹೂಂ ಅಣ್ಣ, ಕೊನೇಲಿ ನಿನ್ನ ಹೆಸರೇ ಹೇಳ್ದ — ಬಾಯಿಂದ ಬಿದ್ದೇ ಹೋಯಿತು, ವಿಮಾನಕ್ಕೆ ಬರ್ತೀನಿ, ಅಲ್ಲೀತನಕ ಅಪ್ಪನ್ನ ಎತ್ತಬೇಡಿ ಎಂದ, ಲೈನು ಹೋಯಿತು. ಅಪ್ಪ ಕೊನೆಗೆ ಕೇಳಿದ್ದು ನೀರು, ಬಾಯಿಗೆ ಬಿಟ್ಟವನು ಯಲ್ಲಯ್ಯ, ಅವನಿಗೆ ಎಲ್ಲ ಗೊತ್ತು.

ಎತ್ತಿ ಎಂದು ಯಲ್ಲಯ್ಯ ಪಂಚೆ ಬಿಗಿದುಕೊಂಡು ಎದ್ದ, ನಾಲ್ವರು ಅಪ್ಪನನ್ನು ಚಟ್ಟಕ್ಕೆ ಎತ್ತಿಡಲು ಕೈ ಹಾಕಿದರು, ಇನ್ನೊಂದು ಗಳಿಗೆ ಚಿಕ್ಕಪ್ಪ ಎಂದು ಅವಳು ಅಡ್ಡ ನಿಂತಳು, ಎಷ್ಟು ಹೊತ್ತು ನಿಂತಳೋ, ಕೆರೆ ಏರಿಯ ಕಡೆ ಧೂಳು, ಕಪ್ಪು ಹಳದಿ ಟ್ಯಾಕ್ಸಿ, ವಿಮಾನ ಒಂದು ಗಂಟೆ ತಡವಾಗಿ ಬಿಟ್ಟಿತಂತೆ, ಅಣ್ಣ ಇಳಿದ, ಕಿವಿಯ ಹತ್ತಿರ ನರೆ, ಅವಳನ್ನು ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ, ನೇರ ಯಲ್ಲಯ್ಯನ ಮುಂದೆ ನಿಂತ. ಕೊನೇಲಿ ನನ್ನ ಹೆಸರು ಹೇಳಿದ್ನಂತೆ, ಹೌದಾ ಚಿಕ್ಕಪ್ಪ? ಯಲ್ಲಯ್ಯ ಅವಳ ಕಡೆ ತಿರುಗಿದ, ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡ, ನಿಧಾನವಾಗಿ ಒರೆಸಿಕೊಂಡ. ಹೂಂ ಕಣಪ್ಪ. ಎರಡು ಸಲ ಹೇಳ್ದ.

ಅಣ್ಣ ಅಪ್ಪನ ಪಾದದ ಮೇಲೆ ಬಿದ್ದ, ಅವಳಿಗೆ ಕಾಣುತ್ತಿರುವುದು ಅವನ ಬೂಟು ಮಾತ್ರ, ಬಿಚ್ಚುವುದನ್ನು ಮರೆತ ಕಪ್ಪು ಬೂಟು, ನೆಲಕ್ಕೆ ಒದೆಯುತ್ತಿದೆ, ಒದೆಯುತ್ತಿದೆ, ಆ ಬೂಟು —