ಸೂಪರ್‌ವೈಸರನ ಖಾಸಗಿ ಖಾತೆ

"ಏಳಲೇ ಬೋಳಿಮಗನ! ಸರ್ಕಾರದ ರೋಡು ನಿಮ್ಮಪ್ಪನ ಹಾಸಿಗಿ ಏನಲೇ?"

ಬೇಗಂಪೇಟೆಯ ಮೇಲ್ಸೇತುವೆಯ ಕೆಳಗೆ, ರಸ್ತೆಯ ಆ ತುದಿಯಲ್ಲಿ ಕಸ ಗುಡಿಸುತ್ತಿದ್ದ ಬಂಡೆಮ್ಮನ ಕಿವಿಗೆ ಬೈಗುಳ ಬಿತ್ತು. ಯಾರನ್ನು ಬೈಯುತ್ತಿದ್ದಾರೆಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಕಸಬರಿಗೆ ಬಿಸಾಕಿ ಓಡಿದಳು.

ಅವಳ ಗಂಡ ಚಂದ್ರಾಮ ಕಂಬಕ್ಕೆ ಒರಗಿ ಅರ್ಧ ಮಲಗಿದ್ದ. ಕಸದ ಗಾಡಿ ಪಕ್ಕದಲ್ಲೇ ವಾಲಿಕೊಂಡಿತ್ತು. ನಗರಪಾಲಿಕೆಯ ಸೂಪರ್‌ವೈಸರ್ ಪರಮೇಶ ಒಂದು ಕೈಯಲ್ಲಿ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತ, ಬೂಟಿನ ತುದಿಯಿಂದ ಚಂದ್ರಾಮನ ಪಕ್ಕೆಗೆ ತಿವಿಯುತ್ತಿದ್ದ. ಚಂದ್ರಾಮನ ಮುಖ ಬೆವರಿನಲ್ಲಿ ತೊಯ್ದು ಬಾಯಿಂದ ಜೊಲ್ಲು ಇಳಿದಿತ್ತು. ಸಾಹೇಬರು ಎದುರು ಬಂದಾಗಲೆಲ್ಲ ಮಾಡುವಂತೆ ಆಗಲೂ ಅವನು ಕೈ ಜೋಡಿಸಿ ನಗಲು ನೋಡಿದ.

"ನೋಡ್ರಿ ನೋಡ್ರಿ, ಹೊತ್ತು ಹುಟ್ಟೂದ್ರಾಗ ಏರ್ಸ್ಯಾನ. ಹ್ಯಾಂಗ ಹಲ್ಲು ಕಿಸೀತಾನ ನೋಡ್ರಿ ಭಾಡಕೋವ್!"

"ಕುಡಿದಿಲ್ರೀ ಸಾಹೇಬ್ರ!" ಬಂಡೆಮ್ಮ ಚೀರಿದಳು. "ನಸುಕಿನಿಂದ ಎದಿ ಹಿಡಕೊಂಡೈತಿ. ಹಾಜರಿಗೆ ಫೋನಿಗೆ ಮುಖ ತೋರ್ಸಲಿಲ್ಲಂದ್ರ ಗೈರು ಹಾಕ್ತೀರಂತ ಎದ್ದು ಬಂದಾನ್ರಿ."

"ನಿನ್ನ ಕೇಳಿದ್ನೇನು ನಾ? ವಿಡಿಯೋಕ್ಕ ಅಡ್ಡ ಬರಬ್ಯಾಡ, ಸರಿ ಆ ಕಡಿ."

ಅವಳು ಸರಿಯಲಿಲ್ಲ. ಗಂಡನ ಮುಖದ ಮೇಲೆ ಸೆರಗು ಹಾಕಿದಳು. ಪರಮೇಶ ಅದನ್ನೂ ವಿಡಿಯೋದಲ್ಲಿ ಹಿಡಿದುಕೊಂಡು, ನಗುತ್ತ ಬೈಕು ಹತ್ತಿ ಹೋದ.

ಆಟೋ ದವಾಖಾನೆಯ ಗೇಟಿನೊಳಗೆ ತಿರುಗುವ ಹೊತ್ತಿಗೆ ಅವಳ ತೊಡೆಯ ಮೇಲಿದ್ದ ತಲೆ ಭಾರವಾಗಿತ್ತು. ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ, ಹೃದಯ ನಿಂತಿದೆ, ಎಂದರು.

ಸುರಪುರ ಸೀಮೆಯ ಅವರ ಊರಿಗೆ ಹೆಣ ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು. ಪರಮೇಶ ಅದನ್ನು ತನ್ನ ಖಾತೆಯಲ್ಲಿ ಹಾಕಿಕೊಂಡಿದ್ದ. ಕೆಳಗೊಂದು ಕುಣಿಯುವ ಹಾಡು, ನಡುನಡುವೆ ಜನ ನಗುವ ಸದ್ದು, ಮೇಲೆ ತೆಲುಗಿನಲ್ಲಿ 'ಸರ್ಕಾರದ ಅಳಿಯ' ಎಂಬ ಬರಹ. ಮಣ್ಣಿಗೆ ಬಂದವರು ಹೆಣದ ಮೇಲೆ ಹೂ ಹಾಕಿ, ಬೇವಿನ ಗಿಡದ ಆಚೆ ಹೋಗಿ ಫೋನು ನೋಡಿದರು. ಚಂದ್ರಾಮನ ಸ್ವಂತ ಅಣ್ಣ ಮಾಣಿಕಪ್ಪ ಬಂಡೆಮ್ಮನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ:

"ಕುಡ್ಯಾಕ ಯಾವಾಗ ಕಲ್ತಿದ್ದಬೇ ಇವ?"

ಎಲೆ ಅಡಿಕೆ ಬಿಟ್ಟರೆ ಬೇರೊಂದು ಚಟ ಕಾಣದ ಮನುಷ್ಯ. ಅದುವರೆಗೆ ಅತ್ತಿದ್ದ ಬಂಡೆಮ್ಮ ಅಳುವುದನ್ನು ನಿಲ್ಲಿಸಿದಳು.

ಮಗಳು ರೇಣುಕಾ ಮಾದಾಪುರದ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಮೇಜು ಒರೆಸುವ ಕೆಲಸದವಳು. ಅಪ್ಪನ ದಿನ ಮಾಡಿ ಮುಗಿಸಿ ಕೆಲಸಕ್ಕೆ ಮರಳಿದ ವಾರದಲ್ಲೇ, ಊಟಕ್ಕೆ ಕೂತಿದ್ದ ಹುಡುಗರು ಒಂದು ಫೋನಿನ ಮೇಲೆ ಬಗ್ಗಿ ನಗುತ್ತಿದ್ದರು. ಒದ್ದೆ ಬಟ್ಟೆ ಹಿಡಿದು ಹತ್ತಿರ ಹೋದವಳಿಗೆ ಅಪ್ಪನ ಮುಖ ಕಂಡಿತು. ಅವಳು ಯಾರ ಮಗಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಜು ಒರೆಸಿದಳು. ಚೆಲ್ಲಿದ್ದ ಸಾರು ಒರೆಸಿದಳು. ಸನತ್‌ನಗರದ ಖೋಲಿಗೆ ಬಂದು ಗೋಡೆಗೆ ಮುಖ ಮಾಡಿ ಕೂತಳು.

"ಯವ್ವಾ, ಅಪ್ಪ ಇನ್ನೂ ಸಾಯಾಕತ್ತಾನ. ಯಾರು ಫೋನ್ ತಗದ್ರೂ ಅದ್ರಾಗ ಸಾಯಾಕತ್ತಾನ. ಅದೊಂದು ತಗಸ್ಬೇ. ನನಗ ಮತ್ತೇನೂ ಬ್ಯಾಡ."

ಪೊಲೀಸ್ ಠಾಣೆಯಲ್ಲಿ, ಅವನ ಫೋನು ಅವನದು, ಕೇಸ್ ಏನಂತ ಹಾಕಲಿ ಎಂದು ಸಾಗಹಾಕಿದರು. ಕಸದ ಕೆಲಸದ ಕಂಟ್ರಾಕ್ಟರು, ಕುಡಿದು ಸತ್ತವನ ಸಲುವಾಗಿ ಕಚೇರಿಗೆ ಬರಬೇಡ ಎಂದ. ಕೊನೆಗೆ ದಾರಿ ಹೇಳಿದವನು ಅದೇ ಗಲ್ಲಿಯ ಆಟೋ ಓಡಿಸುವ ಸಂಗಣ್ಣ. ಕೂಲಿಕಾರರ ಸಂಘದಲ್ಲಿ ಓಡಾಡಿದವನು, ತೆಲುಗು ಓದಲು ಬರೆಯಲು ಬಲ್ಲವನು.

"ಮಾಹಿತಿ ಹಕ್ಕಿನಾಗ ಕೇಳೂಣಕ್ಕ. ಅವತ್ತು ಪರಮೇಶ ಡ್ಯೂಟಿ ಮ್ಯಾಲಿದ್ದನೋ ಇಲ್ಲೋ? ಡ್ಯೂಟಿಯಾಗ ಕೂಲಿ ಮಂದೀದು ವಿಡಿಯೋ ತಗದು ಹಾಕಾಕ ಯಾರು ಪರ್ವಾನಗಿ ಕೊಟ್ರು? ಆಫೀಸಿನವ್ರು ಅವನ್ನ ಒಂದ್ ಮಾತರ ಕೇಳ್ಯಾರೇನು? ಕಾಗದದ ಮ್ಯಾಲ ಕೇಳಿದ್ರ ಕಾಗದದ ಮ್ಯಾಲ ಹೇಳಬೇಕು."

ಬಂಡೆಮ್ಮ ಹೆಬ್ಬೆಟ್ಟು ಒತ್ತಿದಳು.

ಉತ್ತರ ಬಂದದ್ದು ಇಂಗ್ಲಿಷಿನಲ್ಲಿ. ಸಂಗಣ್ಣ ಯಾರಿಂದಲೋ ಓದಿಸಿಕೊಂಡು ಬಂದು ಬಾಗಿಲಲ್ಲೇ ಕೂತ.

"ಅದು ಅವನ ಖಾಸಗಿ ಖಾತಿ ಅಂತಕ್ಕ. ಅದ್ರ ಕಾಗದ ಆಫೀಸಿನಾಗ ಇರಂಗಿಲ್ಲಂತ. ಕೊಟ್ರ ಅವನ ಖಾಸಗಿ ಬದುಕಿಗೆ ತ್ರಾಸ ಆಕ್ಕೈತಂತ."

"ಖಾಸಗಿ ಅಂದ್ರೇನಪ್ಪಾ?"

"ಮನಿ ಒಳಗಿಂದು. ಹೊರಗಿನ ಮಂದಿ ನೋಡಬಾರದ್ದು."

ಬಂಡೆಮ್ಮ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಜೀವ ಹೋಗೂದು ಖಾಸಗಿ ಅಲ್ಲೇನಪ್ಪ ಸಂಗಣ್ಣ?"



ಮೇಲ್ಮನವಿ ಹಾಕಿದರು. ವಿಚಾರಣೆಗೆ ಕರೆ ಬಂದ ದಿನ ತಾಯಿ ಮಗಳು ಇಬ್ಬರೂ ಬೇಗಂಪೇಟೆಯ ನಗರಪಾಲಿಕೆ ಕಚೇರಿಗೆ ಹೋದರು. ಜೊತೆಗೆ ಬಂದಿದ್ದ ಸಂಗಣ್ಣನನ್ನು ಜವಾನ ಬಾಗಿಲಲ್ಲೇ ತಡೆದ. ಒಳಗೆ ದೊಡ್ಡ ಸಾಹೇಬರು ಅಮರೇಶಪ್ಪ. ಬೀದರ್ ಕಡೆಯ ಮನೆತನ, ಹಣೆಯ ಮೇಲೆ ವಿಭೂತಿ. ಅವರ ಎದುರಿನ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಪರಮೇಶ ಕೂತಿದ್ದ. ಇನ್ನೊಂದು ಖಾಲಿಯಿತ್ತು, ಬೆನ್ನಿಗೆ ಬಿಳಿ ಟವೆಲು ಹೊದಿಸಿತ್ತು. ಬಂಡೆಮ್ಮ ಅದರ ಹತ್ತಿರ ಬರುತ್ತಲೇ ಸಾಹೇಬರ ಕೈ ಮೇಲೆದ್ದಿತು.

"ಅಲ್ಲೇ ನಿಂದ್ರು, ಅಲ್ಲೇ. ಕೇಳಸ್ತೈತಿ."

ಆಮೇಲೆ ಅವರ ದನಿ ಮೆತ್ತಗಾಯಿತು. "ನೋಡವ್ವಾ, ನಮ್ಮ ಕಡಿಯಾಕಿ ಅಂತ ಹೇಳ್ತೀನಿ. ಸರ್ಕಾರಿ ನೌಕರಗೂ ಮನಿ, ಮಾನ, ಹೆಂಡ್ರು ಮಕ್ಳು ಇರ್ತಾರ. ಅವನ ಫೋನಿನಾಗ ಏನೈತಿ ಅಂತ ನಾವು ಇಣುಕಿ ನೋಡಾಕ ಬರಂಗಿಲ್ಲ. ಇದನ್ನ ಇಲ್ಲಿಗೆ ಮುಗಸು. ಅರ್ಜಿ ವಾಪಸ್ ತಗೋ, ಇಲ್ಲೇ ನಿನ್ನ ಕಣ್ಣ ಮುಂದನ ವಿಡಿಯೋ ಅಳಸ್ತಾನ."

ಪರಮೇಶ ಫೋನು ತೆಗೆದು ಮೇಜಿನ ಮೇಲಿಟ್ಟ.

ರೇಣುಕಾಳ ಉಸಿರು ಜೋರಾದದ್ದು ಬಂಡೆಮ್ಮನಿಗೆ ಕೇಳಿಸಿತು. "ಹೂಂ ಅನ್ನಬೇ, ಯವ್ವಾ," ಎನ್ನುತ್ತ ಅವಳೇ ತಾಯಿಯ ಕೈ ಹಿಡಿದು ಶಾಯಿಯ ಡಬ್ಬಿಗೆ ಹೆಬ್ಬೆಟ್ಟು ಒತ್ತಿಸಿದಳು. ಟೈಪು ಮಾಡಿದ ಹಾಳೆ ಆಗಲೇ ಸಿದ್ಧವಿತ್ತು. ಹೆಬ್ಬೆಟ್ಟು ಹಾಳೆಯ ಹತ್ತಿರ ಬಂದು ನಿಂತಿತು.

"ಇದರಾಗ ಏನು ಬರದೀರ್ರಿ ಸಾಹೇಬ್ರ?"

"ಏನಿಲ್ಲ, ನಿನಗ ಯಾವ ತಕರಾರೂ ಇಲ್ಲ ಅಂತ."

"ನನ್ನ ಗಂಡ ಕುಡಿದಿದ್ದಿಲ್ಲ ಅಂತ ಬರದೀರೇನ್ರಿ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲವ್ವಾ."

"ಬೂಟುಗಾಲಿಲೆ ತಿವಿದಿದ್ದು?"

ಪರಮೇಶ ಕುರ್ಚಿಯಲ್ಲೇ ತಿರುಗಿದ. "ಏ, ಒತ್ತಲೇ ಸುಮ್ನ! ಏನೋ ಪಾಪ ಅಂತ ಅಳಸಾಕ ಬಂದ್ರ ನಖರಾ ಮಾಡ್ತಾಳ. ನಾಳಿಂದ ನಿನ್ನ ಹಾಜರಿ ಹಾಕೂದೂ ನಾನ, ತಿಳ್ಕೋ."

ಬಂಡೆಮ್ಮ ಅವನ ಕಡೆ ನೋಡಲಿಲ್ಲ.

"ಸಾಹೇಬ್ರ, ನೀವು ಆ ವಿಡಿಯೋ ನೋಡೀರೇನ್ರಿ?"

"ನೋಡೀನಿ."

"ನೀವೂ ನಕ್ಕಿರೇನ್ರಿ?"

ಅಮರೇಶಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಹಾಳೆ ಅಲುಗುತ್ತಿತ್ತು.

"ತಕರಾರು ಐತ್ರಿ," ಎಂದಳು ಬಂಡೆಮ್ಮ. "ನನಗ ತಕರಾರು ಐತಿ."

ಖಾಲಿ ಕುರ್ಚಿಯ ಹತ್ತಿರ ಹೋದಳು. ಶಾಯಿ ಹತ್ತಿದ ಹೆಬ್ಬೆಟ್ಟನ್ನು ಬಿಳಿ ಟವೆಲಿಗೆ ಒತ್ತಿ, ತಿಕ್ಕಿ, ಬಣ್ಣ ಹೋಗುವ ತನಕ ಒರೆಸಿಕೊಂಡಳು. "ಏನ್ ಮಾಡಾಕತ್ತೀಯ ನೀ? ಏ!" ಎಂದು ಸಾಹೇಬರು ಎದ್ದು ನಿಂತರು. ಅವಳು ಮಗಳ ರಟ್ಟೆ ಹಿಡಿದು ಹೊರಗೆ ಬಂದಳು.

ಮೆಟ್ಟಿಲಿಳಿಯುತ್ತಲೇ ರೇಣುಕಾ ಕೈ ಕೊಸರಿಕೊಂಡಳು.

"ಅಳಸ್ತಿದ್ದನಲ್ಲಬೇ! ಈಗಿಂದೀಗ ಅಳಸ್ತಿದ್ದ. ನಾಳೆ ಮತ್ತ ನಾ ಆ ಮೇಜು ಒರಸಾಕ ಹೋಗಬೇಕು. ನಿನಗೇನು ಗೊತ್ತು, ಅವ್ರು ಹ್ಯಾಂಗ ನಗ್ತಾರ ಅಂತ!"

"ರೇಣೀ, ಅವ ಕುಡುಕ ಅಂತ ಉಳೀತಾನವ್ವಾ. ನಿಮ್ಮಪ್ಪ..."

"ಉಳೀಲಿ! ಸತ್ತವಗ ಏನು ಗೊತ್ತಾಕ್ಕೈತಿ? ನಾ ಬದುಕೀನಿ, ನಾ!"

ಅವಳು ಹೆಗಲ ಮೇಲಿನ ಸೆಲ್ಲೆಯಿಂದ ಬಾಯಿ ಮುಚ್ಚಿಕೊಂಡು ರೈಲು ಸ್ಟೇಷನ್ನಿನ ಕಡೆ ನಡೆದಳು. ಬಂಡೆಮ್ಮ ಎರಡು ಸಲ ಕೂಗಿದಳು. ಬಸ್ಸುಗಳ ಸದ್ದಿನಲ್ಲಿ ಕೂಗು ಮುಟ್ಟಿತೋ ಇಲ್ಲವೋ, ಮಗಳು ತಿರುಗಲಿಲ್ಲ. ರಸ್ತೆ ದಾಟುವ ಜನರ ನಡುವೆ ಅವಳ ಹಸಿರು ಚೂಡಿದಾರ ಒಮ್ಮೆ ಕಂಡು ಮರೆಯಾಯಿತು.

ಸಂಗಣ್ಣ ಆಟೋ ತಂದು ನಿಲ್ಲಿಸಿದ. ನಡೆದದ್ದನ್ನು ಕೇಳಿ ಎಂಜಿನ್ ಆರಿಸಿದ. "ಇದರ ಮ್ಯಾಲ ಇನ್ನೊಂದು ಕಟ್ಟೆ ಐತಕ್ಕ, ಮಾಹಿತಿ ಆಯೋಗ ಅಂತ. ಅಲ್ಲಿಗೆ ಬರದು ಹಾಕಬೋದು. ವರ್ಷಗಟ್ಲೆ ಹಿಡೀತೈತಿ. ಏನ್ ಮಾಡೂಣು?" ಎಂದ.

ಬಂಡೆಮ್ಮನ ಕಣ್ಣು ಮಗಳು ಮರೆಯಾದ ಕಡೆಯೇ ಇತ್ತು.

"ಬರಿ," ಎಂದಳು.