ತಗಡಿನ ಶಂಕುವಿಗೊಂದು ತಂತಿ

"ಎಂಟನೇ ಕ್ಲಾಸಲ್ಲಿ ಓಡಿಹೋದೋನು ನಂಗೆ ಕಲಿಸ್ತೀಯೇನೋ? ಮೊದಲು ಒಂಬತ್ತನೇ ಕ್ಲಾಸಿನ ಬೆಂಚಲ್ಲಿ ಕೂತು ಬಾ, ಮೋನೇ!"

ಕಂಟ್ರಾಕ್ಟರ್ ದಿವಾಕರನ್ ಹಾಗೆಂದಾಗ ಗದ್ದೆಯಲ್ಲಿ ಸೇರಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಟ್ಟಣೆಯ ಸೂರಿಗೆ ಸಿಡಿಲು ಇಳಿಸುವ ತಂತಿ ಬೇಕು ಎಂದಷ್ಟೇ ಸಜೀವನ್ ಹೇಳಿದ್ದ. ಅವನ ಅವ್ವ ಚೀರು ತಲೆ ತಗ್ಗಿಸಿದಳು.

ದಿವಾಕರನ್ ಕಟ್ಟಿಸಿದ್ದು ಕಾವಲಿನ ಅಟ್ಟಣೆ. ನಾಲ್ಕು ಬಿದಿರು ಕಂಬ, ಮೇಲೆ ಚೂಪಾದ ಟೋಪಿಯಂಥ ತಗಡಿನ ಸೂರು. ಹಗಲೆಲ್ಲ ಅದರಲ್ಲಿ ಕೂತು ನವಿಲು, ಮಂಗ ಓಡಿಸುವ ಕೆಲಸ ಚೀರುವಿನದು. ಅಕ್ಟೋಬರಿನ ತುಲಾಮಾಸದ ಮಳೆ ಹತ್ತಿರ ಬಂದಿತ್ತು; ಮಧ್ಯಾಹ್ನ ತಿರುಗಿದರೆ ಸಿಡಿಲು.

ಸಜೀವನ್‌ಗೆ ಬತ್ತೇರಿ ಪೇಟೆಯಲ್ಲಿ ವಯರಿಂಗ್ ಕೆಲಸ. ಗುಜರಿಯಲ್ಲಿ ಸಿಕ್ಕ ಕಾಲೇಜು ಪುಸ್ತಕದ ಒಂದೇ ಅಧ್ಯಾಯಕ್ಕೆ ಎರಡು ವರ್ಷ ಜೋತುಬಿದ್ದವನು: ಲೋಹದ ಶಂಕುವಿನ ಸುತ್ತ ವಿದ್ಯುತ್ ಕ್ಷೇತ್ರ. ಇಂಥ ಸೂರಿನ ಲೆಕ್ಕ ತಾನೇ ಬಿಡಿಸಿದ್ದ. ತುದಿಯಿಂದ ಇರುವ ದೂರ ಅರ್ಧವಾದಾಗಲೆಲ್ಲ ಕ್ಷೇತ್ರದ ಬಲ ಒಂದೂವರೆ ಪಟ್ಟು. ಮತ್ತೆ ಅರ್ಧ, ಮತ್ತೆ ಒಂದೂವರೆ. ಲೆಕ್ಕದಲ್ಲಿ ಅದಕ್ಕೆ ಕೊನೆಯಿಲ್ಲ. ಅಂಥ ತುದಿಯನ್ನು ಬಟ್ಟಬಯಲಲ್ಲಿ ನಿಲ್ಲಿಸಿ ನೆಲಕ್ಕೆ ದಾರಿ ಕೊಡದಿದ್ದರೆ, ಸಿಡಿಲು ಒಳಗಿರುವವರ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.

ಮಾರನೆಯ ದಿನ ಯಾರನ್ನೂ ಕೇಳದೆ ಸೂರು ಹತ್ತಿ, ತುದಿಗೆ ತಾಮ್ರದ ತಂತಿ ಬಿಗಿದು, ಕೆಳಗಿಳಿಸಿ, ನೆಲದಲ್ಲಿ ಹುಗಿದ ಸಲಾಕೆಗೆ ಕಟ್ಟಿದ.

"ಅವ್ವಾ, ಇದನ್ನ ಮುಟ್ಟಬೇಡ. ಗುಡುಗಿದ್ರೆ ಕೆಳಗಿಳಿದು ಮನೆಗೆ ಓಡು."

"ಆಯ್ತು ಮಗಾ."

ಹನ್ನೊಂದನೆಯ ದಿನ ಮಧ್ಯಾಹ್ನ ಫೋನ್ ಬಂತು. ಬಸ್ಸಿಳಿದು ಓಡಿಬಂದಾಗ ಅವ್ವನ ಮೇಲೆ ಯಾರೋ ಪಂಚೆ ಹೊದಿಸಿದ್ದರು. ಮೊದಲ ಗುಡುಗೇ ಸಿಡಿಲಾಗಿತ್ತು. ಇಳಿಯಲು ಹೊತ್ತೇ ಸಿಕ್ಕಿರಲಿಲ್ಲ.

ಸಜೀವನ್ ಸಲಾಕೆ ನೋಡಿದ. ಅದು ತಂತಿಯಿಲ್ಲದೆ ಬರಿದಾಗಿತ್ತು. ಅಟ್ಟಣೆ ಹತ್ತಿದ. ತಂತಿಯ ಕೆಳತುದಿ ಸುರುಳಿ ಸುತ್ತಿಕೊಂಡು, ಅವ್ವ ಕೂರುತ್ತಿದ್ದ ಚಾಪೆಯ ಅಡಿಯಲ್ಲಿತ್ತು. ಚಾಪೆ ಸುಟ್ಟಿತ್ತು.

ಪಕ್ಕದ ಗದ್ದೆಯ ಗೀತು ಏಣಿಯ ಬಳಿ ಬಂದು ಪಿಸುಗುಟ್ಟಿದಳು. "ಸಜೀವೇಟ್ಟಾ, ಹೋಗೋರು ಬರೋರು ತಂತಿ ತೋರಿಸಿ 'ಎಂಟನೇ ಕ್ಲಾಸಿನ ಬಾಲ' ಅಂತ ನಗ್ತಿದ್ರು. ನಿನ್ನ ನೋಡಿ ನಗೋದು ಅವ್ವನ ಕೈಲಿ ತಡಿಯೋಕಾಗ್ಲಿಲ್ಲ. ಅವ್ವನೇ ದಿನಾ ಬೆಳಿಗ್ಗೆ ತಂತಿ ಬಿಚ್ಚಿ ಅಡಗಿಸಿಡ್ತಿದ್ರು. ನೀನು ಬರೋ ಹೊತ್ತಿಗೆ ಮತ್ತೆ ಕಟ್ತಿದ್ರು. ನಂಗೊಬ್ಬಳಿಗೇ ಗೊತ್ತು."

ಅವನು ಇಳಿದು ಬಂದ. ಜನರ ನಡುವಿನಿಂದ ದಿವಾಕರನ್ ಮುಂದೆ ಬಂದು ದನಿಯೆತ್ತಿದ.

"ನನ್ನ ಅಟ್ಟಣೆದೇನೂ ತಪ್ಪಿಲ್ಲ, ಎಲ್ಲರೂ ಕೇಳ್ಕೊಳ್ಳಿ. ತಂತಿ ಹಾಕಿದ್ದು ಇವನೇ. ಹೇಳೋ, ಹಾಕಿದ್ಯಲ್ಲ? ಎಲ್ಲಿ ಹೋಯ್ತು ನಿನ್ನ ಲೆಕ್ಕ?"

ಎಲ್ಲರೂ ಸಜೀವನ್‌ನ ಬಾಯಿ ನೋಡಿದರು. ಲೆಕ್ಕ ಸರಿಯಾಗಿತ್ತು. ಹಾಗೆನ್ನಲು ಪಂಚೆಯಡಿ ಮಲಗಿದ್ದವಳ ಹೆಸರು ಹೇಳಬೇಕಿತ್ತು.

"ನಾಲಿಗೆ ಬಿದ್ದೋಯ್ತೇನೋ?"

ಸಜೀವನ್ ಬಾಗಿ ಅವ್ವನನ್ನು ಪಂಚೆ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡ. ಬದುವಿನ ಮೇಲೆ ಮನೆಯ ಕಡೆ ನಡೆದ.